ಲಂಡನ್, ಪ್ಯಾರಿಸ್, ಕಲೋನ್: ಮೂರೇ ಊರು ನೋಡಿ ಬಂದೆವು, ಕೇಳುವುದಿದ್ದರೆ ಕೇಳಿ

ಮಲ್ಲಿಗೆಮೊಳ, ಸರಸ್ವತಿಪುರಂ

ಅರವತ್ತು ದಾಟಿದ ಗಂಡ ಹೆಂಡತಿ ಯುರೋಪಿಗೆ ತಾವೇ ಹೋಗಿಬರಬಹುದಾ, ಇಲ್ಲಾ ಗುಂಪಿನ ಟೂರೇ ಗತಿಯಾ ಅಂತ ಇಲ್ಲಿ ಆಗಾಗ ಯಾರಾದರೂ ಕೇಳುತ್ತಿರುತ್ತಾರೆ. ಧಾರಾಳವಾಗಿ ಹೋಗಬಹುದು. ನಾವಿಬ್ಬರೂ ಹೋಗಿ ಬಂದೆವು. ಆದರೆ ಊರು ಕಡಿಮೆ ಇಟ್ಟುಕೊಳ್ಳಿ, ಅಷ್ಟೇ ಷರತ್ತು.

ಹೊರಡುವ ಮುಂಚೆ ನಾವೂ ಟೂರ್ ಆಫೀಸುಗಳಲ್ಲಿ ವಿಚಾರಿಸಿದ್ದೆವು. ಒಬ್ಬರು ಕೊಟ್ಟ ಪಟ್ಟಿಯಲ್ಲಿ ತಿಂಡಿ ಒಂದು ದೇಶ, ಊಟ ಇನ್ನೊಂದು ದೇಶ. ಲಂಡನ್‌ಗೆ ಒಂದೂವರೆ ದಿನ. ಐಫೆಲ್ ಟವರ್ ಎದುರು ಬಸ್ಸು ಇಪ್ಪತ್ತು ನಿಮಿಷ ನಿಲ್ಲುತ್ತದಂತೆ, ಫೋಟೋ ತೆಗೆದುಕೊಂಡು ಓಡಿ ಬರಬೇಕಂತೆ. ಬೇಡ ಅಂದೆವು. ಮೂರೇ ಊರು, ಒಂದೊಂದರಲ್ಲೂ ಹೆಚ್ಚು ಕಡಿಮೆ ಒಂದು ವಾರ ಅಂತ ನಾವೇ ಹಾಕಿಕೊಂಡೆವು.

ಈ ಮೂರೇ ಊರು ಯಾಕೆ ಅಂದರೆ, ನಮ್ಮ ಮೈಸೂರೇ ಕಾರಣ. ಲಲಿತ ಮಹಲ್ 1921ರಲ್ಲಿ ಕಟ್ಟಿದ್ದು. ಅದರ ಗುಮ್ಮಟ ಲಂಡನ್ನಿನ ಸೇಂಟ್ ಪಾಲ್ಸ್ ಕೆಥೆಡ್ರಲ್ ನೋಡಿಕೊಂಡು ಕಟ್ಟಿದ್ದು ಅಂತ ಚಿಕ್ಕಂದಿನಿಂದ ಕೇಳಿದ್ದೇವೆ. ಅಶೋಕ ರಸ್ತೆಯ ಫಿಲೋಮಿನಾ ಚರ್ಚಿಗೆ ಜರ್ಮನಿಯ ಕಲೋನ್ ಕೆಥೆಡ್ರಲ್ ಮಾದರಿ ಅಂತಾರೆ. ನಕಲು ನೋಡುತ್ತಾ ಬೆಳೆದಿದ್ದೇವೆ, ಅಸಲು ಹೇಗಿದೆ ನೋಡೋಣ ಅನ್ನುವುದು ನನ್ನ ಆಸೆ. ನಮ್ಮವರು ರೈಲ್ವೆ ವರ್ಕ್‌ಶಾಪಿನಲ್ಲಿದ್ದು ರಿಟೈರ್ ಆದವರು. ಅವರ ಆಸೆ ಒಂದೇ, ಸಮುದ್ರದ ಅಡಿಯಲ್ಲಿ ಹೋಗುವ ರೈಲು. ಹಾಗಾಗಿ ನಡುವೆ ಪ್ಯಾರಿಸ್ ಬಂತು.

ಸೇಂಟ್ ಪಾಲ್ಸ್ ಬಗ್ಗೆ ಹೇಳಿಬಿಡುತ್ತೇನೆ. 1666ರ ಬೆಂಕಿಯಲ್ಲಿ ಹಳೇ ಚರ್ಚು ಸುಟ್ಟುಹೋದ ಮೇಲೆ ಕ್ರಿಸ್ಟೋಫರ್ ರೆನ್ ಕಟ್ಟಿದ್ದು. ಎತ್ತರ 111 ಮೀಟರ್. ಲಲಿತ ಮಹಲ್ ಬಿಳುಪಾಗಿ, ಬಯಲಿನಲ್ಲಿ ಒಂಟಿಯಾಗಿ ನಿಂತಿದೆ. ದೂರದಿಂದಲೇ ಪೂರ್ತಿ ಕಾಣುತ್ತದೆ. ಸೇಂಟ್ ಪಾಲ್ಸ್ ಹಾಗಲ್ಲ. ಸುತ್ತ ಬ್ಯಾಂಕು, ಆಫೀಸು, ಗಾಜಿನ ಕಟ್ಟಡ. ಬೀದಿ ತಿರುಗಿದ ಮೇಲೆ ಥಟ್ಟನೆ ಎದುರಾಗುತ್ತದೆ. ಕತ್ತು ಪೂರ್ತಿ ಹಿಂದಕ್ಕೆ ಬಗ್ಗಿಸಿದರೂ ಗುಮ್ಮಟ ಸರಿಯಾಗಿ ಸಿಗುವುದಿಲ್ಲ. ಥೇಮ್ಸ್ ನದಿಯ ಮೇಲೆ ಮಿಲೇನಿಯಂ ಬ್ರಿಡ್ಜ್ ಅಂತ ಕಾಲುಸೇತುವೆ ಇದೆ. ಅದರ ಆಚೆ ತುದಿಗೆ ಹೋಗಿ ತಿರುಗಿ ನೋಡಿ. ಆಗ "ಅರೆ, ಲಲಿತ ಮಹಲ್!" ಅನ್ನಿಸುತ್ತದೆ. ಒಳಗೆ ಹೋಗಲು ಟಿಕೆಟ್ ಇದೆ, ದುಬಾರಿಯೇ. ಸಂಜೆಯ ಪ್ರಾರ್ಥನೆಗೆ ಹೋದರೆ ದುಡ್ಡಿಲ್ಲ, ಸುಮ್ಮನೆ ಕೂತು ಹಾಡು ಕೇಳಬಹುದು. ಆದರೆ ಆ ಹೊತ್ತಲ್ಲಿ ಅಡ್ಡಾಡುವ ಹಾಗಿಲ್ಲ.

ಇಷ್ಟು ಸಾಕು ಈಗ. ಉಳಿದದ್ದು ನೀವು ಕೇಳಿದ ಹಾಗೆ ಬರೆಯುತ್ತೇನೆ.

ಗಂಜಾಂ ಅಂಜೂರ

ಮೇಡಂ, ಲಂಡನ್‌ವರೆಗೆ ಹೋಗಿ ನಮ್ಮ ಟಿಪ್ಪುವಿನ ಮರದ ಹುಲಿ ನೋಡದೇ ಬಂದಿಲ್ಲ ತಾನೇ?

ಮಲ್ಲಿಗೆಮೊಳ, ಸರಸ್ವತಿಪುರಂ

ನೋಡಿದೆವು ಕಣ್ರೀ. ಅದಕ್ಕಾಗಿಯೇ ಒಂದು ಬೆಳಿಗ್ಗೆ ಇಟ್ಟುಕೊಂಡಿದ್ದೆವು. ಸೌತ್ ಕೆನ್ಸಿಂಗ್ಟನ್ ಸ್ಟೇಷನ್‌ನಲ್ಲಿ ಇಳಿದರೆ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂ ನಡೆಯುವಷ್ಟು ಹತ್ತಿರ. ಪ್ರವೇಶ ಉಚಿತ.

ನಾನು ಏನೋ ಅರಮನೆಯ ಗೊಂಬೆಯಷ್ಟು ಇರುತ್ತದೆ ಅಂದುಕೊಂಡಿದ್ದೆ. ಹೆಚ್ಚು ಕಡಿಮೆ ಆಳುದ್ದ ಇದೆ. ಮರದ್ದು, ಬಣ್ಣ ಬಳಿದದ್ದು. ಕೆಂಪು ಕೋಟು, ದುಂಡನೆ ಕಪ್ಪು ಟೋಪಿ ಹಾಕಿದ ಯುರೋಪಿನವನು ಅಂಗಾತ ಬಿದ್ದಿದ್ದಾನೆ. ಹುಲಿ ಅವನ ಎದೆ ಮೇಲೆ ಕಾಲೂರಿ ಕುತ್ತಿಗೆಗೆ ಬಾಯಿ ಹಾಕಿದೆ. ಅವನ ಮುಖದಲ್ಲಿ ನೋವಿಗಿಂತ ಬೆರಗೇ ಜಾಸ್ತಿ. ಹುಲಿಯ ಪಕ್ಕೆಯಲ್ಲಿ ಒಂದು ಹಿಡಿ ಇದೆ. ಅದನ್ನು ತಿರುಗಿಸಿದರೆ ಒಳಗಿನ ತಿದಿಗಳು ಗಾಳಿ ಊದಿ, ಅವನು ನರಳುವ ಸದ್ದು ಬರುತ್ತದೆ, ಎಡಗೈ ಬಾಯಿ ಹತ್ತಿರ ಎದ್ದು ಬೀಳುತ್ತದೆ. ಹುಲಿ ಗುರುಗುಟ್ಟುತ್ತದೆ. ಹೊಟ್ಟೆಯೊಳಗೆ ಒಂದು ಪುಟ್ಟ ಆರ್ಗನ್ ಕೂಡ ಇದೆ, ದಂತದ ಮಣೆಗಳು. ಈಗ ಯಾರಿಗೂ ತಿರುಗಿಸಲು ಬಿಡುವುದಿಲ್ಲ, ಗಾಜಿನ ಪೆಟ್ಟಿಗೆಯಲ್ಲಿಟ್ಟಿದ್ದಾರೆ.

ಹೋಗುವವರು ಮೊದಲು ಮ್ಯೂಸಿಯಂ ವೆಬ್‌ಸೈಟಿನಲ್ಲಿ ಯಾವ ಕೋಣೆ ತೆರೆದಿದೆ ಅಂತ ನೋಡಿಕೊಳ್ಳಿ. ದೊಡ್ಡ ಮ್ಯೂಸಿಯಂಗಳಲ್ಲಿ ಯಾವಾಗಲೂ ಒಂದಲ್ಲ ಒಂದು ಭಾಗ ರಿಪೇರಿಗೆ ಮುಚ್ಚಿರುತ್ತದೆ.

ಗಂಜಾಂ ಅಂಜೂರ

ಅದರ ಕಥೆ ಸ್ವಲ್ಪ ಸೇರಿಸುತ್ತೇನೆ. 1799ರ ಮೇ 4ಕ್ಕೆ ಶ್ರೀರಂಗಪಟ್ಟಣ ಬಿತ್ತು. ಟಿಪ್ಪುವಿನ ಅರಮನೆಯ ಸಂಗೀತದ ಕೋಣೆಯಲ್ಲಿ ಈ ಹುಲಿ ಸಿಕ್ಕಿತು. ಹಡಗು ಹತ್ತಿಸಿ ಲಂಡನ್‌ಗೆ ಕಳಿಸಿದರು. 1808ರಿಂದ ಈಸ್ಟ್ ಇಂಡಿಯಾ ಕಂಪನಿಯ ಆಫೀಸಿನಲ್ಲೇ ಜನ ನೋಡಲಿ ಅಂತ ಇಟ್ಟಿದ್ದರು. ಆಗ ಬಂದವರೆಲ್ಲ ಹಿಡಿ ತಿರುಗಿಸುತ್ತಿದ್ದರಂತೆ. ಪಕ್ಕದ ಲೈಬ್ರರಿಯಲ್ಲಿ ಓದಲು ಕೂತವರಿಗೆ ಈ ಗುರ್ ಗುರ್ ಸದ್ದಿನಿಂದ ತಲೆ ಕೆಟ್ಟು ದೂರು ಕೊಟ್ಟರು. ಎರಡನೇ ಮಹಾಯುದ್ಧದಲ್ಲಿ ಬಾಂಬ್ ಬಿದ್ದು ಸೂರು ಕುಸಿದಾಗ ಹುಲಿ ಚೂರು ಚೂರಾಗಿತ್ತು. ಆಮೇಲೆ ಜೋಡಿಸಿದ್ದು.

ಇಲ್ಲಿ ನಮ್ಮ ಕಡೆ ಆ ಅರಮನೆಯ ಜಾಗದಲ್ಲಿ ಈಗ ಅಡಿಪಾಯ ಬಿಟ್ಟರೆ ಏನೂ ಇಲ್ಲ. ರಂಗನಾಥಸ್ವಾಮಿ ದೇವಸ್ಥಾನಕ್ಕೆ ಬರುವವರಲ್ಲಿ ಹೆಚ್ಚಿನವರಿಗೆ ಅದು ಇರುವುದೂ ಗೊತ್ತಿಲ್ಲ. ಸಿಂಹಾಸನದ ಬಂಗಾರದ ಹುಲಿತಲೆ ಬ್ರಿಟಿಷ್ ರಾಜಮನೆತನದ ಸಂಗ್ರಹದಲ್ಲಿದೆ. ಸಿಂಹಾಸನವನ್ನಂತೂ ಒಡೆದು ಹಂಚಿಕೊಂಡರು.

ನಂಜುಮಳಿಗೆ ಸರ್ಕಲ್

ಅಂದರೆ ಇಲ್ಲಿಂದ ಹೊತ್ತುಕೊಂಡು ಹೋದದ್ದನ್ನು ನಾವೇ ದುಡ್ಡು ಕೊಟ್ಟು, ವೀಸಾಕ್ಕೆ ಕ್ಯೂ ನಿಂತು ನೋಡಿ ಬರಬೇಕು. ಚೆನ್ನಾಗಿದೆ.

ನನ್ನದೊಂದು ನೇರ ಪ್ರಶ್ನೆ. ಬೇಜಾರು ಮಾಡಿಕೊಳ್ಳಬೇಡಿ. ಇಷ್ಟು ಲಕ್ಷ ಖರ್ಚು ಮಾಡಿ ಹೋಗುವವರಲ್ಲಿ ಸೋಮನಾಥಪುರವನ್ನು ಸರಿಯಾಗಿ ನೋಡಿದವರು ಎಷ್ಟು ಜನ? ಅದೂ ಈಗ ಯುನೆಸ್ಕೋ ಪಟ್ಟಿಯಲ್ಲಿದೆ, 2023ರಿಂದ. ಮೈಸೂರಿಂದ ಒಂದು ಗಂಟೆ ದಾರಿ.

ಮಲ್ಲಿಗೆಮೊಳ, ಸರಸ್ವತಿಪುರಂ

ಬೇಜಾರೇನಿಲ್ಲ. ಸೋಮನಾಥಪುರ ನನಗೆ ತವರೂರ ದಾರಿ, ಲೆಕ್ಕವಿಲ್ಲದಷ್ಟು ಸಲ ನೋಡಿದ್ದೇನೆ. ನೋಡಿದ್ದರಿಂದಲೇ ಕಲೋನ್‌ನಲ್ಲಿ ನನಗೆ ಮಜಾ ಬಂತು. ಕಲೋನ್ ಕೆಥೆಡ್ರಲ್‌ಗೆ ಅಡಿಪಾಯ ಹಾಕಿದ್ದು 1248ರಲ್ಲಿ. ಸೋಮನಾಥಪುರವೂ ಅದೇ 13ನೇ ಶತಮಾನದ್ದು. ಹೊಯ್ಸಳರು ತಮ್ಮ ದೇವಸ್ಥಾನ ಮುಗಿಸಿದರು. ಕಲೋನ್‌ನವರು ಮುಗಿಸಿದ್ದು ಯಾವಾಗ ಗೊತ್ತಾ? 1880ರಲ್ಲಿ! ನಡುವೆ ದುಡ್ಡಿಲ್ಲದೆ ಕೆಲಸ ನಿಂತುಹೋಗಿ, ಅರ್ಧ ಎದ್ದ ಗೋಪುರದ ಮೇಲೆ ಮರದ ಕ್ರೇನ್ ಮುನ್ನೂರು ವರ್ಷಕ್ಕೂ ಜಾಸ್ತಿ ಹಾಗೇ ನಿಂತಿತ್ತು. ನಮ್ಮ ನಗರಪಾಲಿಕೆ ಕಾಮಗಾರಿ ತಡ ಅಂತ ಬೈಯುವಾಗ ಇನ್ನು ಮೇಲೆ ನನಗೆ ಇದೇ ನೆನಪಾಗುವುದು.

ಫಿಲೋಮಿನಾ ಚರ್ಚಿನ ಜೋಡಿ ಗೋಪುರ 175 ಅಡಿ. ಕಲೋನ್‌ನದು 157 ಮೀಟರ್, ಅಂದರೆ ನಮ್ಮದರ ಮೂರರಷ್ಟು. ಬಣ್ಣವೂ ಬೇರೆ. ಹೊಗೆ, ಮಳೆಗೆ ಕಲ್ಲು ಕರ್ರಗಾಗಿಬಿಟ್ಟಿದೆ. ಮೊದಲ ನೋಟಕ್ಕೆ ಸ್ವಲ್ಪ ಭಯವೇ ಆಗುತ್ತದೆ. ರೈಲ್ವೆ ಸ್ಟೇಷನ್ ಬಾಗಿಲಿಂದ ಹೊರಗೆ ಕಾಲಿಟ್ಟರೆ ಸಾಕು, ಎದುರಿಗೇ ನಿಂತಿರುತ್ತದೆ.

ಒಳಗೆ ದಕ್ಷಿಣದ ಕಡೆ ಒಂದು ಹೊಸ ಕಿಟಕಿ ಇದೆ. ಗೆರ್ಹಾರ್ಡ್ ರಿಕ್ಟರ್ ಅನ್ನುವ ಕಲಾವಿದ ಮಾಡಿದ್ದು, 2007ರಲ್ಲಿ. ಸಂತರೂ ಇಲ್ಲ, ದೇವದೂತರೂ ಇಲ್ಲ. 11,000ಕ್ಕೂ ಜಾಸ್ತಿ ಬಣ್ಣದ ಗಾಜಿನ ಚೌಕಗಳು, ಅಷ್ಟೇ. ಬಿಸಿಲು ಬಂದಾಗ ಆ ಬಣ್ಣಗಳೆಲ್ಲ ಕಂಬದ ಮೇಲೆ, ನೆಲದ ಮೇಲೆ ಬೀಳುತ್ತವೆ. ಮೋಡ ಬಂದರೆ ಮಾಯ, ಮತ್ತೆ ಬಿಸಿಲು ಬಂದರೆ ಮತ್ತೆ. ಒಂದು ಮಗು ಆ ಚೌಕಗಳ ಮೇಲೆ ಕುಂಟಾಬಿಲ್ಲೆ ಆಡುತ್ತಿತ್ತು. ಅವರಮ್ಮ ಗದರಲೇ ಇಲ್ಲ. ಇಪ್ಪತ್ತು ನಿಮಿಷದ ಟೂರಿನಲ್ಲಿ ಇದು ಸಿಗುತ್ತದಾ ಹೇಳಿ. ಮೋಡ ಸರಿಯುವವರೆಗೆ ಕಾಯಬೇಕಲ್ವಾ.

ಕುಕ್ಕರಹಳ್ಳಿ ವಾಕಿಂಗ್

ಮಂಡಿ ನೋವಿನವರ ಕಥೆ ಏನು? ನಾನು ಕೆರೆ ಏರಿ ಮೇಲೆ ಒಂದು ಸುತ್ತು ಆರಾಮಾಗಿ ಹೊಡೆಯುತ್ತೇನೆ. ಮೆಟ್ಟಿಲು ಅಂದರೆ ಮಾತ್ರ ಆಗಲ್ಲ.

ವರ್ಕ್‌ಶಾಪ್ ರಿಟೈರ್ಡ್

ನಾನು ಮಲ್ಲಿಗೆಮೊಳ ಅವರ ಯಜಮಾನ. ಮೆಟ್ಟಿಲಿನ ವಿಷಯಕ್ಕೆ ನಾನೇ ಉತ್ತರ ಕೊಡುತ್ತೇನೆ, ಯಾಕೆಂದರೆ ಹತ್ತಿದವನು ನಾನು. ಅವರು ಕೆಳಗೆ ಕಾಫಿ ಕುಡಿಯುತ್ತಾ ಕೂತಿದ್ದರು.

ಸೇಂಟ್ ಪಾಲ್ಸ್ ತುದಿಗೆ 528 ಮೆಟ್ಟಿಲು. ಕಲೋನ್ ದಕ್ಷಿಣ ಗೋಪುರಕ್ಕೆ 533. ಐಫೆಲ್ ಟವರ್ ಎರಡನೇ ಅಂತಸ್ತಿಗೆ 674, ಅಲ್ಲಿಂದ ಮೇಲೆ ಲಿಫ್ಟ್ ಮಾತ್ರ. ಚಾಮುಂಡಿ ಬೆಟ್ಟದ ಸಾವಿರ ಮೆಟ್ಟಿಲು ಹತ್ತುವ ಮೈಸೂರಿನವರಿಗೆ ಲೆಕ್ಕದಲ್ಲಿ ಇದು ದೊಡ್ಡದಲ್ಲ. ಆದರೆ ಬೆಟ್ಟದಲ್ಲಿ ಗಾಳಿ ಇದೆ, ಕೂರಲು ಜಾಗ ಇದೆ, ನಂದಿ ಇದ್ದಾನೆ. ಕಲೋನ್‌ನಲ್ಲಿ ಇಕ್ಕಟ್ಟಾದ ಸುರುಳಿ ಮೆಟ್ಟಿಲು. ಹತ್ತುವವರೂ ಇಳಿಯುವವರೂ ಅದರಲ್ಲೇ. ಎದುರಿಗೆ ದಪ್ಪಗಿನವರು ಬಂದರೆ ಗೋಡೆಗೆ ಅಂಟಿಕೊಂಡು ನಿಲ್ಲಬೇಕು. ಉಬ್ಬಸ, ತಲೆಸುತ್ತು ಇರುವವರು ಆ ಕಡೆ ತಲೆ ಹಾಕಬೇಡಿ. ಕೆಳಗೆ ನಿಂತು ನೋಡಿದರೂ ನಷ್ಟವೇನಿಲ್ಲ.

ಆದರೆ ಹತ್ತಿದವರಿಗೆ ನಡುವೆ ಒಂದು ಬಹುಮಾನ ಇದೆ. ಗಂಟೆಗಳ ಕೋಣೆ. ಸೇಂಟ್ ಪೀಟರ್ ಗಂಟೆ 24 ಟನ್, 1923ರಲ್ಲಿ ಎರಕ ಹೊಯ್ದದ್ದು. ಫೌಂಡ್ರಿ ಕೆಲಸ ಕಣ್ಣಾರೆ ನೋಡಿದವನಿಗೆ ಅದರ ಮುಂದೆ ನಿಂತರೆ ಕೈ ಮುಗಿಯಬೇಕು ಅನ್ನಿಸುತ್ತದೆ. ಒಂದೇ ಎರಕದಲ್ಲಿ ಬಿರುಕಿಲ್ಲದೆ 24 ಟನ್ ಇಳಿಸುವುದು ಹುಡುಗಾಟವಲ್ಲ.

ಐಫೆಲ್ ಬಗ್ಗೆ ಎಲ್ಲರೂ ಎತ್ತರ ಹೇಳುತ್ತಾರೆ. ನಾನು ನೋಡಿದ್ದು ರಿವೆಟ್, ಅಂದರೆ ಕಬ್ಬಿಣದ ಪಟ್ಟಿಗಳನ್ನು ಜೋಡಿಸುವ ಮೊಳೆ. ಸುಮಾರು 25 ಲಕ್ಷ ರಿವೆಟ್ ಬಡಿದಿದ್ದಾರೆ. 1889ರ ಕೆಲಸ. ವೆಲ್ಡಿಂಗ್ ಅನ್ನುವುದೇ ಇಲ್ಲ. ಲಿಫ್ಟಿನಲ್ಲಿ ಹೋದವರಿಗೆ ಅದು ಕಾಣುವುದಿಲ್ಲ. ಮೆಟ್ಟಿಲಿನಲ್ಲಿ ಹೋದರೆ ರಿವೆಟ್ ತಲೆಗಳು ಸಾಲು ಸಾಲಾಗಿ ಕೈಗೆ ಸಿಗುವಷ್ಟು ಹತ್ತಿರ.

ಆಲೆಮನೆ, ಮಂಡ್ಯ

ಸಾರ್, ಸಮುದ್ರದ ಕೆಳಗಿನ ರೈಲು ಹೇಗಿತ್ತು? ಮೀನು ಕಾಣುತ್ತಾ ಅಂತ ನಮ್ಮ ಮೊಮ್ಮಗ ಕೇಳುತ್ತಿದ್ದಾನೆ.

ವರ್ಕ್‌ಶಾಪ್ ರಿಟೈರ್ಡ್

ಮೊಮ್ಮಗನಿಗೆ ಹೇಳಿ, ಕಪ್ಪು ಗೋಡೆ ಬಿಟ್ಟು ಏನೂ ಕಾಣುವುದಿಲ್ಲ. ಸುರಂಗ ಸುಮಾರು 50 ಕಿ.ಮೀ. ಅದರಲ್ಲಿ ನೀರಿನ ಕೆಳಗೇ ಸುಮಾರು 38. ಇಪ್ಪತ್ತು ನಿಮಿಷದಲ್ಲಿ ಆಚೆ. 1994ರಿಂದ ಓಡುತ್ತಿದೆ. ಲಂಡನ್ನಿನ ಸೇಂಟ್ ಪ್ಯಾಂಕ್ರಾಸ್ ಸ್ಟೇಷನ್‌ನಿಂದ ಪ್ಯಾರಿಸ್ಸಿಗೆ ಎರಡೂಕಾಲು ಗಂಟೆಯ ಆಸುಪಾಸು. ಫ್ರಾನ್ಸಿನ ಪಾಸ್‌ಪೋರ್ಟ್ ತಪಾಸಣೆ ಲಂಡನ್‌ನಲ್ಲೇ ಮುಗಿಯುತ್ತದೆ, ಆದ್ದರಿಂದ ಬೇಗ ಹೋಗಬೇಕು. ನಮ್ಮ ಕಡೆ ಹಾಗೆ ಓಡುವ ರೈಲು ಹತ್ತುವ ಅಭ್ಯಾಸ ಅಲ್ಲಿ ನಡೆಯುವುದಿಲ್ಲ.

ಅದಕ್ಕಿಂತ ನನಗೆ ಹಿಡಿಸಿದ್ದು ಇನ್ನೊಂದು. ಕಲೋನ್‌ನಿಂದ ಅರ್ಧ ಗಂಟೆ ರೈಲಿನಲ್ಲಿ ವುಪ್ಪರ್ಟಾಲ್ ಅಂತ ಊರು. ಅಲ್ಲಿ 1901ರಿಂದ ತೂಗಾಡುವ ರೈಲು ಓಡುತ್ತಿದೆ. ಹಳಿ ಮೇಲಿದೆ, ಬೋಗಿ ಕೆಳಗೆ ನೇತಾಡುತ್ತದೆ. ಬಹಳ ದೂರ ನದಿಯ ಮೇಲೆಯೇ ಹೋಗುತ್ತದೆ. ತಿರುವಿನಲ್ಲಿ ಬೋಗಿ ಒಂದು ಕಡೆಗೆ ವಾಲುತ್ತದೆ. ಊರಿನವರು ಪೇಪರ್ ಓದುತ್ತಾ ಕೂತಿರುತ್ತಾರೆ, ನಾನೊಬ್ಬನೇ ಕಂಬಿ ಹಿಡಿದುಕೊಂಡಿದ್ದೆ.

1950ರಲ್ಲಿ ಒಂದು ಸರ್ಕಸ್ಸಿನವರು ಪ್ರಚಾರಕ್ಕೆ ಅಂತ ಟುಫಿ ಅನ್ನುವ ಮರಿ ಆನೆಯನ್ನು ಈ ರೈಲಿಗೆ ಹತ್ತಿಸಿದರು. ಅದು ಗಾಬರಿಯಾಗಿ ಬೋಗಿ ಒಡೆದುಕೊಂಡು ನದಿಗೆ ಹಾರಿತು. ಸಣ್ಣ ಗಾಯ ಬಿಟ್ಟರೆ ಏನೂ ಆಗಲಿಲ್ಲ. ಆ ಜಾಗದ ಹತ್ತಿರ ಗೋಡೆ ಮೇಲೆ ಆನೆ ಚಿತ್ರ ಬರೆದಿದ್ದಾರೆ. ದಸರಾ ಆನೆಗಳನ್ನು ಪಟಾಕಿ, ಫಿರಂಗಿ ಸದ್ದಿಗೆ ವಾರಗಟ್ಟಲೆ ಅಭ್ಯಾಸ ಮಾಡಿಸುವ ನಮ್ಮೂರಿನ ಮಾವುತರನ್ನು ಕೇಳಿದ್ದರೆ ಬೇಡ ಅಂತ ಮೊದಲೇ ಹೇಳುತ್ತಿದ್ದರು.

ಆಲೆಮನೆ, ಮಂಡ್ಯ

ಆನೆ ಕಥೆ ಕೇಳಿ ಇಲ್ಲಿ ಊಟ ನಿಂತಿದೆ ಸಾರ್. ಬೋಗಿ ಎಷ್ಟು ಎತ್ತರ, ನೀರು ಎಷ್ಟಿತ್ತು ಅಂತ ಶುರುವಾಗಿದೆ.

ಯಾದವಗಿರಿ ಅಜ್ಜಿ

ನನಗೆ ರೈಲು, ರಿವೆಟ್ ಬೇಡ. ಊಟ ಹೇಳಿ. ನಾವು ಮೊಟ್ಟೆಯನ್ನೂ ಮುಟ್ಟುವುದಿಲ್ಲ.

ಮಲ್ಲಿಗೆಮೊಳ, ಸರಸ್ವತಿಪುರಂ

ಲಂಡನ್‌ನಲ್ಲಿ ಯೋಚನೆಯೇ ಬೇಡ. ಯೂಸ್ಟನ್ ಸ್ಟೇಷನ್ ಪಕ್ಕ ಡ್ರಮಂಡ್ ಸ್ಟ್ರೀಟ್ ಅಂತ ಇದೆ. ದೋಸೆ, ಭೇಲ್, ಊಟ ಎಲ್ಲ ಸಿಗುತ್ತದೆ, ಸಸ್ಯಾಹಾರಿಗಳದ್ದೇ ಹೋಟೆಲುಗಳಿವೆ. ದೋಸೆ ನಮ್ಮ ಅಗ್ರಹಾರದ್ದಲ್ಲ, ಆದರೆ ಹೊಟ್ಟೆ ತುಂಬುತ್ತದೆ. ಪ್ಯಾರಿಸ್‌ನಲ್ಲಿ ಗಾರ್ ದ್ಯು ನೋರ್ ಸ್ಟೇಷನ್ ಹಿಂದೆ ಲಾ ಶಾಪೆಲ್ ಅನ್ನುವ ಕಡೆ ಹೋಗಿ. ಶ್ರೀಲಂಕಾ ತಮಿಳರ ಅಂಗಡಿ ಸಾಲು. ಬಾಳೆ ಎಲೆ, ನುಗ್ಗೆಕಾಯಿ, ಕರಿಬೇವು ಎಲ್ಲಾ ಇದೆ. ಇಡ್ಲಿ ಸಿಕ್ಕಿತು. ಅಲ್ಲಿ ಗಣಪತಿ ದೇವಸ್ಥಾನವೂ ಇದೆ.

ಕಲೋನ್ ಸ್ವಲ್ಪ ಕಷ್ಟ. ಬ್ರೆಡ್, ಚೀಸ್, ಆಲೂಗಡ್ಡೆ. ಆಲೂಗಡ್ಡೆ ತುರಿದು ಕರಿದು, ಸೇಬಿನ ಗೊಜ್ಜು ಜೊತೆ ಕೊಡುವ ತಿಂಡಿ ಒಂದಿದೆ, ರೈಬೆಕೂಹನ್ ಅಂತ. ರುಚಿ ಚೆನ್ನಾಗಿದೆ, ಆದರೆ ಹಲವು ಕಡೆ ಮೊಟ್ಟೆ ಹಾಕುತ್ತಾರೆ, ನೀವು ಕೇಳಿಯೇ ತಿನ್ನಬೇಕು. ನಾವು ಅಡುಗೆಮನೆ ಇರುವ ರೂಮು ಹಿಡಿದಿದ್ದೆವು. ಪುಳಿಯೋಗರೆ ಗೊಜ್ಜು, ಚಟ್ನಿಪುಡಿ, ಹುರಿದ ರವೆ ಇಲ್ಲಿಂದಲೇ ಒಯ್ದಿದ್ದೆವು. ಒಂದು ಮಾತು ನೆನಪಿಡಿ. ತುಪ್ಪದ ಡಬ್ಬಿ ಬೇಡ. ಹೊರದೇಶದಿಂದ ಹಾಲು, ತುಪ್ಪ, ಮಾಂಸದ ಪದಾರ್ಥ ಯುರೋಪ್ ಒಕ್ಕೂಟದ ಒಳಗೆ ತರುವ ಹಾಗಿಲ್ಲ. ಗೊಜ್ಜನ್ನು ಕೈಚೀಲದಲ್ಲಿ ಇಡಬೇಡಿ, ದೊಡ್ಡ ಸೂಟ್‌ಕೇಸಿನಲ್ಲಿ ಇಡಿ. ವಿಮಾನದವರ ಲೆಕ್ಕದಲ್ಲಿ ಗೊಜ್ಜೂ ದ್ರವವೇ.

ನೀರು ಕೊಳ್ಳಬೇಡಿ. ಮೂರು ಊರಲ್ಲೂ ನಲ್ಲಿ ನೀರು ಕುಡಿಯಬಹುದು. ಪ್ಯಾರಿಸ್ ಬೀದಿಗಳಲ್ಲಿ ಹಸಿರು ಬಣ್ಣದ ಎರಕದ ಕಾರಂಜಿಗಳಿವೆ, 1870ರ ದಶಕದಿಂದಲೂ. ಬಾಟಲಿ ಹಿಡಿದರೆ ಆಯಿತು.

ಅಜ್ಜಿ, ನಿಮ್ಮ ಕಾಲದವರಿಗೆ ಇನ್ನೊಂದು ಹೇಳಬೇಕು. ಜ್ವರ ಬಂದಾಗ ಹಣೆಗೆ ಒಡಿಕೊಲೋನ್ ಪಟ್ಟಿ ಹಾಕುತ್ತಿದ್ದರಲ್ಲ, ಅದು ಹುಟ್ಟಿದ ಊರು ಇದೇ. 1709ರಿಂದ ನಡೆಯುತ್ತಿರುವ ಫರೀನಾ ಅನ್ನುವ ಅಂಗಡಿ ಇನ್ನೂ ಅಲ್ಲಿದೆ. ಒಳಗೆ ಕಾಲಿಟ್ಟರೆ ಜ್ವರದ ವಾಸನೆ!

ಯಾದವಗಿರಿ ಅಜ್ಜಿ

ಅಯ್ಯೋ ಶಿವನೇ, ನಮ್ಮ ಮಾವನವರ ಬೀರುವಿನಲ್ಲಿ ಆ ಶೀಶೆ ಇತ್ತು.

ಹೆಬ್ಬಾಳ್ ಟೆಕ್ಕಿ

ದುಡ್ಡಿನ ವಿಷಯ ಯಾರೂ ಎತ್ತಿಲ್ಲ. ಕೆಲಸಕ್ಕೆ ಅಂತ ಓಡಾಡಿದ ಅನುಭವದಿಂದ ಹೇಳುತ್ತೇನೆ.

ಅಂಗಡಿಯಲ್ಲಿ ಕಾರ್ಡ್ ಉಜ್ಜುವಾಗ, ಎಟಿಎಂನಲ್ಲಿ ದುಡ್ಡು ತೆಗೆಯುವಾಗ ಪರದೆ ಮೇಲೆ "ರೂಪಾಯಿಯಲ್ಲಿ ಕೊಡ್ತೀರಾ, ಯೂರೋದಲ್ಲಾ" ಅಂತ ಬರುತ್ತದೆ. ಎಷ್ಟೇ ಆಸೆ ಆದರೂ ರೂಪಾಯಿ ಒತ್ತಬೇಡಿ. ಆಗ ವಿನಿಮಯ ದರ ಅವರು ಹಾಕುವುದು, ನಿಮ್ಮ ಬ್ಯಾಂಕಲ್ಲ. ಯಾವಾಗಲೂ ಆ ಊರಿನ ಕರೆನ್ಸಿಯನ್ನೇ ಒತ್ತಿ.

ಲಂಡನ್ ಬಸ್ಸಿನಲ್ಲಿ ನಗದು ತೆಗೆದುಕೊಳ್ಳುವುದು 2014ರಲ್ಲೇ ನಿಂತಿದೆ. ಕಾರ್ಡ್ ತಾಗಿಸಿದರೆ ಆಯಿತು. ಗಂಡನಿಗೊಂದು, ಹೆಂಡತಿಗೊಂದು ಕಾರ್ಡ್ ಬೇಕು. ಒಂದೇ ಕಾರ್ಡಿನಲ್ಲಿ ಇಬ್ಬರು ಹೋಗಲು ಆಗುವುದಿಲ್ಲ. ದಿನವಿಡೀ ಒಂದೇ ಕಾರ್ಡ್ ಬಳಸಿದರೆ ಇಷ್ಟಕ್ಕಿಂತ ಜಾಸ್ತಿ ಕಡಿಯುವುದಿಲ್ಲ ಅಂತ ಒಂದು ಮಿತಿ ಇದೆ.

ವೀಸಾ: ಬ್ರಿಟನ್‌ಗೆ ಬೇರೆ, ಫ್ರಾನ್ಸ್ ಮತ್ತು ಜರ್ಮನಿಗೆ ಸೇರಿ ಒಂದೇ ಷೆಂಗೆನ್. ಯಾವ ದೇಶದಲ್ಲಿ ಜಾಸ್ತಿ ದಿನ ಇರುತ್ತೀರೋ ಆ ದೇಶಕ್ಕೆ ಅರ್ಜಿ. ಸಮ ಆದರೆ ಮೊದಲು ಕಾಲಿಡುವ ದೇಶಕ್ಕೆ. ಪ್ರಯಾಣಕ್ಕೆ ಆರು ತಿಂಗಳ ಮುಂಚೆಯೇ ಹಾಕಬಹುದು. 30,000 ಯೂರೋ ಆಸ್ಪತ್ರೆ ವಿಮೆ ಕಡ್ಡಾಯ. ಬೇಸಿಗೆ ರಜೆ ಹತ್ತಿರ ಬಂದ ಮೇಲೆ ಹಾಕಿದರೆ ಅಪಾಯಿಂಟ್‌ಮೆಂಟೇ ಸಿಗುವುದಿಲ್ಲ.

ಮದ್ದೂರ್ ವಡೆ

ಪ್ಯಾರಿಸ್‌ನಲ್ಲಿ ಜೇಬುಗಳ್ಳರ ಕಾಟ ನಿಜಾನಾ? ನಮ್ಮ ಭಾವನವರ ಪರ್ಸು ಮೆಟ್ರೋದಲ್ಲಿ ಹೋಯಿತು. ಬಾಗಿಲು ಮುಚ್ಚುವ ಹೊತ್ತಿಗೆ ನಾಲ್ಕು ಜನ ಒತ್ತಿಕೊಂಡು ಬಂದರಂತೆ, ಬಾಗಿಲು ಮುಚ್ಚುವಾಗ ಇಳಿದೇ ಹೋದರಂತೆ.

ಮಲ್ಲಿಗೆಮೊಳ, ಸರಸ್ವತಿಪುರಂ

ನಿಜ. ದೇವರಾಜ ಮಾರ್ಕೆಟ್ಟಿನಲ್ಲಿ ದಸರಾ ಹೊತ್ತಿಗೆ ಪರ್ಸು ಹೇಗೆ ಹಿಡಿದುಕೊಳ್ಳುತ್ತೇವೋ ಹಾಗೇ ಹಿಡಿದುಕೊಂಡರೆ ಸಾಕು. ಸಾಕ್ರೆ ಕೂರ್ ಚರ್ಚಿನ ಮೆಟ್ಟಿಲ ಹತ್ತಿರ ನಗುನಗುತ್ತಾ ಬಂದು ಕೈಗೆ ದಾರ ಕಟ್ಟುತ್ತಾರೆ. ಕಟ್ಟಿಸಿಕೊಂಡರೆ ದುಡ್ಡು ಕೊಡುವವರೆಗೆ ಬಿಡುವುದಿಲ್ಲ. ಕೈ ಜೇಬಿನಲ್ಲಿಟ್ಟುಕೊಂಡು ನಡೆಯಿರಿ. ನದಿ ದಂಡೆಯಲ್ಲಿ "ನಿಮ್ಮ ಉಂಗುರ ಬಿತ್ತಾ" ಅಂತ ಒಬ್ಬರು ಎತ್ತಿ ಕೊಡುತ್ತಾರೆ, ಅದು ಹಿತ್ತಾಳೆ. ಸಹಿ ಹಾಕಿ ಅಂತ ಕಾಗದ ಹಿಡಿದು ಬರುವ ಹುಡುಗಿಯರೂ ಅಷ್ಟೇ.

ಲೂವ್ರ್ ಬಗ್ಗೆ ನನ್ನ ಅಭಿಪ್ರಾಯ ಕೆಲವರಿಗೆ ಹಿಡಿಸಲಿಕ್ಕಿಲ್ಲ. ಮೋನಾ ಲೀಸಾ ನೋಡಲು ಹೋಗಿ ನಾನು ನೋಡಿದ್ದು ಮೊಬೈಲುಗಳನ್ನು. ಚಿತ್ರ 77 ಸೆಂಟಿಮೀಟರ್ ಎತ್ತರ, 53 ಅಗಲ. ಅದೂ ಗಾಜಿನ ಹಿಂದೆ. ಮುಂದೆ ನೂರಾರು ಜನ ಕೈ ಎತ್ತಿ ನಿಂತಿದ್ದಾರೆ. ನಮ್ಮ ಜಗನ್ಮೋಹನ ಅರಮನೆಯಲ್ಲಿ ಹಲ್ದಣ್ಕರ್ ಬರೆದ ದೀಪ ಹಿಡಿದ ಹೆಂಗಸಿನ ಚಿತ್ರ ಇದೆಯಲ್ಲ, ಶಾಲೆಯಲ್ಲಿದ್ದಾಗ ಕತ್ತಲೆ ಕೋಣೆಯಲ್ಲಿ ನಮ್ಮನ್ನೆಲ್ಲ ಸಾಲಾಗಿ ನಿಲ್ಲಿಸಿ ತೋರಿಸಿದ್ದರು. ದೀಪದ ಬೆಳಕು ಬೆರಳುಗಳ ನಡುವೆ ಕೆಂಪಗೆ ಕಂಡದ್ದು ಇನ್ನೂ ಕಣ್ಣಲ್ಲಿದೆ. ಚಿತ್ರ ನೋಡುವುದು ಅಂದರೆ ನನಗೆ ಅದು. ಲೂವ್ರ್‌ನಲ್ಲಿ ಅಂಥದ್ದು ಬೇಕಾದರೆ ಮೋನಾ ಲೀಸಾಗೆ ಬೆನ್ನು ಹಾಕಿ. ಎದುರು ಗೋಡೆಯಲ್ಲಿ ವೆರೊನೀಸ್ ಬರೆದ ಮದುವೆ ಊಟದ ಚಿತ್ರ ಇದೆ. ಸುಮಾರು 10 ಮೀಟರ್ ಅಗಲ. ಬಡಿಸುವವರು, ವಾದ್ಯದವರು, ನಾಯಿ, ಬೆಕ್ಕು ಎಲ್ಲಾ ಇದೆ. ಅದನ್ನು ನೋಡುವವರೇ ಇಲ್ಲ. ನಾನು ಅಲ್ಲೇ ನಿಂತುಬಿಟ್ಟೆ. ಮಂಗಳವಾರ ಲೂವ್ರ್ ರಜೆ, ನೆನಪಿಡಿ.

ನಂಜುಮಳಿಗೆ ಸರ್ಕಲ್

ಐಫೆಲ್ ದೀಪ ಚೆನ್ನಾಗಿತ್ತಾ, ಅರಮನೆ ದೀಪಾನಾ? ನೇರ ಉತ್ತರ ಕೊಡಿ.

ವರ್ಕ್‌ಶಾಪ್ ರಿಟೈರ್ಡ್

ಅರಮನೆ. ಲೆಕ್ಕ ಹಾಕಿ. ಐಫೆಲ್‌ನಲ್ಲಿ ಮಿನುಗುವುದು 20,000 ಬಲ್ಬ್. ನಮ್ಮದು ಹತ್ತಿರ ಹತ್ತಿರ ಒಂದು ಲಕ್ಷ.

ಮಲ್ಲಿಗೆಮೊಳ, ಸರಸ್ವತಿಪುರಂ

ಬಲ್ಬ್ ಎಣಿಸುವುದು ಅವರ ಸ್ವಭಾವ. ಎರಡೂ ಬೇರೆ ಬೇರೆ. ಅಲ್ಲಿ ಕತ್ತಲಾದ ಮೇಲೆ ಗಂಟೆಗೊಂದು ಸಲ ಐದು ನಿಮಿಷ ಮಿನುಗುತ್ತದೆ, ಅಷ್ಟೇ. ಜೂನ್ ತಿಂಗಳಲ್ಲಿ ಕತ್ತಲಾಗುವುದೇ ರಾತ್ರಿ 10ರ ಮೇಲೆ. ಬೇಗ ಮಲಗುವವರು ಇದನ್ನು ಮೊದಲೇ ಲೆಕ್ಕ ಹಾಕಿ, ಆ ದಿನ ಮಧ್ಯಾಹ್ನ ಒಂದು ನಿದ್ದೆ ಮಾಡಿ.

ಗಂಡ ಹೆಂಡತಿ ಜೊತೆ ಹೋಗುವವರಿಗೆ ಒಂದು ಮುಖ್ಯ ವಿಷಯ. ಇಡೀ ದಿನ ಅಂಟಿಕೊಂಡು ಇರಬೇಡಿ. ನಾವು ಬೆಳಿಗ್ಗೆ ಒಟ್ಟಿಗೆ ಹೋಗುತ್ತಿದ್ದೆವು, ಮಧ್ಯಾಹ್ನ ಅವರ ದಾರಿ ಅವರಿಗೆ, ನನ್ನ ದಾರಿ ನನಗೆ. ಅವರು ಕಾವೆಂಟ್ ಗಾರ್ಡನ್‌ನ ಸಾರಿಗೆ ಮ್ಯೂಸಿಯಂನಲ್ಲಿ ಹಳೇ ಬಸ್ಸು, ಹಬೆ ಇಂಜಿನ್ ನೋಡುತ್ತಿದ್ದರು. ಲಂಡನ್ ನೆಲದಡಿ ರೈಲು 1863ರಲ್ಲಿ ಶುರುವಾದಾಗ ಸುರಂಗದೊಳಗೆ ಹಬೆ ಇಂಜಿನ್ನೇ ಓಡುತ್ತಿತ್ತಂತೆ. ಆ ಹೊಗೆಯ ಕಥೆಯನ್ನು ರಾತ್ರಿ ಊಟಕ್ಕೆ ಕೂತಾಗ ನಾನು ಖುಷಿಯಾಗಿಯೇ ಕೇಳಿದೆ. ಅಲ್ಲೇ ಪಕ್ಕದಲ್ಲಿ ನಿಂತು ಕೇಳಬೇಕಾಗಿದ್ದರೆ ಜಗಳ ಆಗುತ್ತಿತ್ತು. ಕಾರ್ಡ್, ಫೋನು, ರೂಮಿನ ವಿಳಾಸ ಬರೆದ ಚೀಟಿ ಇಬ್ಬರ ಹತ್ತಿರವೂ ಬೇರೆ ಬೇರೆ ಇರಲಿ. ಸಂಜೆ ಇಂಥ ಕಡೆ, ಇಷ್ಟು ಹೊತ್ತಿಗೆ ಅಂತ ಮಾತಾಗಿರಲಿ.

ಹಾಗೆ ಒಂದು ಮಧ್ಯಾಹ್ನ ನಾನೊಬ್ಬಳೇ ಥೇಮ್ಸ್ ದಂಡೆಯಲ್ಲಿ ಬಸವಣ್ಣನ ಪ್ರತಿಮೆ ನೋಡಿ ಬಂದೆ. ಪಾರ್ಲಿಮೆಂಟಿನ ಎದುರು ದಡ, ಆಲ್ಬರ್ಟ್ ಎಂಬ್ಯಾಂಕ್‌ಮೆಂಟ್ ಅಂತಾರೆ. 2015ರ ನವೆಂಬರ್ 14ರಂದು ಅನಾವರಣವಾದದ್ದು. ಓಡುವವರು, ಸೈಕಲ್ಲಿನವರು ಸುಮ್ನೆ ದಾಟಿ ಹೋಗುತ್ತಿದ್ದರು. ಒಬ್ಬ ಹುಡುಗ ನಿಂತು ಯಾರು ಇವರು ಅಂತ ಕೇಳಿದ. ನನ್ನ ಇಂಗ್ಲಿಷಿನಲ್ಲಿ ಕಾಯಕ ಅಂದರೇನು ಅಂತ ಹೇಳುವಷ್ಟರಲ್ಲಿ ಅವನ ಬಸ್ಸು ಬಂತು.

ಕುಕ್ಕರಹಳ್ಳಿ ವಾಕಿಂಗ್

ಲಿಫ್ಟ್ ಇಲ್ಲದ ಸ್ಟೇಷನ್ ಜಾಸ್ತಿ ಅಂತ ಕೇಳಿದೆ. ನಮ್ಮ ಮನೆಯವರಿಗೆ ಗಾಲಿಕುರ್ಚಿ ಬೇಕಾಗಬಹುದು.

ಹೆಬ್ಬಾಳ್ ಟೆಕ್ಕಿ

ಹಾಗಿದ್ದರೆ ಮೆಟ್ರೋ ಮರೆತು ಬಸ್ ಹಿಡಿಯಿರಿ. ಲಂಡನ್ ಬಸ್ಸುಗಳಿಗೆಲ್ಲ ತಗ್ಗು ನೆಲ ಇದೆ, ಗಾಲಿಕುರ್ಚಿಗೆ ಇಳಿಜಾರು ಹಲಗೆ ಹೊರಗೆ ಬರುತ್ತದೆ. ಪ್ಯಾರಿಸ್ ಮೆಟ್ರೋದಲ್ಲಿ 14ನೇ ಲೈನ್ ಚೆನ್ನಾಗಿದೆ, ಉಳಿದ ಹಳೇ ಲೈನುಗಳಲ್ಲಿ ಮೆಟ್ಟಿಲೇ ಮೆಟ್ಟಿಲು. ಅಲ್ಲೂ ಬಸ್ಸೇ ವಾಸಿ. ಊರೂ ಕಾಣುತ್ತದೆ. ವಿಮಾನದಲ್ಲಿ ಗಾಲಿಕುರ್ಚಿ ಬೇಕು ಅಂತ ಟಿಕೆಟ್ ಮಾಡುವಾಗಲೇ ಹೇಳಿ, ಅದಕ್ಕೆ ದುಡ್ಡಿಲ್ಲ.

ಮಲ್ಲಿಗೆಮೊಳ, ಸರಸ್ವತಿಪುರಂ

ಈಗ ನಾನು ಕೇಳುವ ಸರದಿ. ನಮ್ಮವರು ಜಪಾನ್ ರೈಲು ಅಂತ ಶುರು ಮಾಡಿದ್ದಾರೆ. ಟೋಕಿಯೋದಲ್ಲಿ ನಮ್ಮಂಥವರು ತಿನ್ನುವುದೇನು?

ಹೆಬ್ಬಾಳ್ ಟೆಕ್ಕಿ

ಮೇಡಂ, ಲಂಡನ್ ಥರ ಅಂದುಕೊಳ್ಳಬೇಡಿ. ತರಕಾರಿ ನೂಡಲ್ಸ್ ಅಂದರೂ ಅದರ ಸಾರಿಗೆ ಒಣ ಮೀನು ಹಾಕಿರುತ್ತಾರೆ, ದಾಶಿ ಅಂತ. ಕಣ್ಣಿಗೆ ಕಾಣುವುದಿಲ್ಲ. ಬೌದ್ಧ ಮಠಗಳ ಪದ್ಧತಿಯ ಊಟ ಕೆಲವು ಕಡೆ ಸಿಗುತ್ತದೆ, ಶೋಜಿನ್ ರ್ಯೋರಿ ಅಂತ ಕೇಳಿ. ಅದರಲ್ಲಿ ಮೀನು, ಮಾಂಸ, ಈರುಳ್ಳಿ, ಬೆಳ್ಳುಳ್ಳಿ ಯಾವುದೂ ಇಲ್ಲ, ಆದರೆ ಬೆಲೆ ಜಾಸ್ತಿ. ನಿಶಿ ಕಸಾಯ್ ಅನ್ನುವ ಕಡೆ ಭಾರತೀಯರು ತುಂಬಾ ಇದ್ದಾರೆ, ಬೇಳೆ, ಅಕ್ಕಿ ಅಲ್ಲೇ ಸಿಗುತ್ತದೆ. ಯಜಮಾನರಿಗೆ ಹೇಳಿ, ದೊಡ್ಡ ರೈಲ್ವೆ ಮ್ಯೂಸಿಯಂ ಇರುವುದು ಟೋಕಿಯೋ ಒಳಗಲ್ಲ, ಪಕ್ಕದ ಓಮಿಯಾದಲ್ಲಿ. ಒಂದಿಡೀ ದಿನ ಬೇಕು. ರೈಲ್ವೆ ಪಾಸ್ ಬೆಲೆ 2023ರ ಅಕ್ಟೋಬರ್‌ನಲ್ಲಿ ಏಕ್‌ದಂ ಏರಿಸಿದ್ದಾರೆ, ಏಳು ದಿನದ್ದು ಆಗ 50,000 ಯೆನ್ ಆಯಿತು. ಎರಡೇ ಊರು ನೋಡುವುದಾದರೆ ಬಿಡಿ ಟಿಕೆಟ್ಟೇ ಅಗ್ಗ.

ವರ್ಕ್‌ಶಾಪ್ ರಿಟೈರ್ಡ್

ಓಮಿಯಾ ಮ್ಯೂಸಿಯಂಗೆ ವಾರದ ರಜೆ ಯಾವತ್ತು?

ಹೆಬ್ಬಾಳ್ ಟೆಕ್ಕಿ

ಮಂಗಳವಾರ, ಸಾರ್. ಲೂವ್ರ್ ಥರಾನೇ.